ಮೂರು ಸಣ್ಣ ಗಾಯ

ಗುತ್ತಲದ ಸುತ್ತಮುತ್ತ ಮುಸ್ಲಿಮರ ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲು ದಿಲಾವರನಿಗೆ ಹೇಳಿಕಳಿಸುತ್ತಿದ್ದರು. ಐರಣಿಯಿಂದ ರಾಣೆಬೆನ್ನೂರಿನವರೆಗೆ ಅವನ ಕೈಯ ಬಿರ್ಯಾನಿ ಉಣ್ಣದವರು ಕಡಿಮೆ. ಅಂಥವನಿಗೆ ಐವತ್ತು ದಾಟಿದ ಮೇಲೆ ಎರಡು ತುತ್ತಿಗೇ ಹೊಟ್ಟೆ ತುಂಬತೊಡಗಿತು. ಪಿತ್ತವೆಂದು ಸೋಡಾ ಕುಡಿದ. ಮಸಾಲೆ ಹುರಿಯುವಾಗಲೇ ವಾಂತಿಯಾದ ದಿನ ಹೆಂಡತಿ ಮಹಮೂದಾಬೇಗಂ ಹಠ ಹಿಡಿದು ಹಾವೇರಿಗೆ ಕರೆದೊಯ್ದಳು. ಬಾಯಿಯಿಂದ ನಳಿಕೆ ಇಳಿಸಿ ನೋಡಿದರು. ಜಠರದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಹುಬ್ಬಳ್ಳಿಗೆ ಕಳಿಸಿದರು.

ಅಲ್ಲಿನ ಡಾಕ್ಟರ್ ಶ್ರೀದೇವಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ಮೊದಲ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ನೋಡ್ತೇವ್ರಿ. ಹರಡಿರಲಿಲ್ಲಂದ್ರ ಗಡ್ಡಿ ತಗೀತೇವಿ. ಹರಡಿದ್ರ ತಗದು ಉಪಯೋಗಿಲ್ಲ."

ದಿಲಾವರ ಗಡ್ಡೆ ತೆಗೆಯುವ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡ.

ಆಪರೇಷನ್ನಿನ ದಿನ, ಮುಗಿಯಲು ಸಂಜೆಯಾದೀತೆಂದು ಹೊರಗೆ ಕೂತಿದ್ದ ಮಹಮೂದಾಳನ್ನು ಮಧ್ಯಾಹ್ನದ ನಮಾಜಿಗೂ ಮುಂಚೆ ಒಳಗೆ ಕರೆದರು. ಪರದೆಯ ಮೇಲೆ ಹೊಟ್ಟೆಯ ಒಳಪದರ ಕಾಣುತ್ತಿತ್ತು. ಅದರ ತುಂಬ ನುಚ್ಚು ಚೆಲ್ಲಿದಂತೆ ಬಿಳಿ ಕಾಳುಗಳು.

"ಹರಡೇತಿ, ಗಡ್ಡಿ ತಗೀಲಿಲ್ಲಮ್ಮಾ," ಎಂದರು ಡಾಕ್ಟರ್. "ಹೊಟ್ಟಿ ಸೀಳಿ ಅವರಿಗೆ ತ್ರಾಸ ಕೊಡೂದು ಬ್ಯಾಡ. ಗಾಯ ಲಗೂ ಮಾಯತಾವ, ಕೀಮೋ ಶುರು ಮಾಡೋಣ. ಒಂದಿಷ್ಟು ತಿಂಗಳ ಸಿಗಬಹುದು."

ಕೆಲವೇ ದಿನಕ್ಕೆ ದಿಲಾವರ ಬಸ್ಸಿನಿಂದ ತಾನೇ ಇಳಿದು ಮನೆಗೆ ನಡೆದ. ಕಿರಾಣಿ ಅಂಗಡಿಯ ಗೆಳೆಯ ಪ್ರಭುಲಿಂಗಪ್ಪ ಓಡಿ ಬಂದ. ದಿಲಾವರ ಅಂಗಿ ಎತ್ತಿ ಮೂರು ಪಟ್ಟಿ ತೋರಿಸಿದ.

"ಇಷ್ಟನಽ? ಗೆದ್ದಿ ಬಿಡೋ ಮಾರಾಯಾ!" ಎಂದು ಪ್ರಭುಲಿಂಗಪ್ಪ ನಕ್ಕ. ಮಹಮೂದಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಬಂದವರೆಲ್ಲ ಹೋದ ಮೇಲೆ ದಿಲಾವರ ಅವಳನ್ನು ಕರೆದ.

"ಇಷ್ಟ ಸಣ್ಣ ತೂತಿನ್ಯಾಗಿಂದ ಗಡ್ಡಿ ಹೆಂಗ ಬಂತು, ಮಹಮೂದಾ?"

"ಬರಲಿಲ್ಲರೀ."

ಅವನು ಅಂಗಿ ಇಳಿಸಿ ಪಟ್ಟಿಗಳನ್ನು ಮುಚ್ಚಿಕೊಂಡ.

"ನಿನಗ ಅಲ್ಲೇ ಗೊತ್ತಾಗಿತ್ತೇನು?"

"ಹೂಂರೀ."

"ಇಷ್ಟು ದಿನ ಒಬ್ಬಾಕಿನಽ ಇದನ್ನ ಹೊತಗೊಂಡು ತಿರಗಿದೆಲ್ಲ," ಎಂದ. ಆಗ ಅವಳಿಗೆ ಅಳು ತಡೆಯಲಾಗಲಿಲ್ಲ.

ಕೀಮೋಗೆ ಹುಬ್ಬಳ್ಳಿಗೆ ಓಡಾಡುತ್ತಲೇ ದಿಲಾವರ ಹೊಸರಿತ್ತಿಯ ಒಂದು ಮದುವೆಯ ಅಡುಗೆ ಒಪ್ಪಿಕೊಂಡ. ಒಲೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತ. ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಮಹಮೂದಾ ಸೌಟಿನಿಂದ ರಸ ಅಂಗೈಗೆ ಹಾಕಿಕೊಂಡು ನೆಕ್ಕುವಳು, ಅವನು ಅವಳ ಮುಖವನ್ನೇ ನೋಡುವನು.

"ಉಪ್ಪು?"

"ಚೂರು ಕಮ್ಮಿ ಐತ್ರಿ."

ಊಟಕ್ಕೆ ಕೂತವರು ಯಾವಾಗಿನಂತೆಯೇ ಹೊಗಳಿದರು. ಅದು ಅವನು ಅಡುಗೆ ಮಾಡಿದ ಕೊನೆಯ ಮದುವೆ. ಮುಂದಿನ ಚಳಿಗಾಲಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ, ಹಾಸಿಗೆ ಹಿಡಿದು, ಒಂದು ಶುಕ್ರವಾರ ಬೆಳಿಗ್ಗೆ ತೀರಿಕೊಂಡ.

ಸಾವಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಪ್ರಭುಲಿಂಗಪ್ಪನ ಹೆಂಡತಿ ಗದಿಗೆವ್ವ ರೊಟ್ಟಿ, ಪಲ್ಯ ತಂದಳು. ಮಹಮೂದಾ ಬೇಡವೆಂದು ಗೋಡೆಯ ಕಡೆ ತಿರುಗಿದಳು. ಗದಿಗೆವ್ವ ರೊಟ್ಟಿ ಮುರಿದು, ತುತ್ತು ಕೈಯಲ್ಲಿ ಹಿಡಿದು, ಅವಳು ತಿರುಗುವವರೆಗೂ ಕೂತಳು.