ಅಡುಗೆಮನೆಯ ಹಾಡಿನ ಪೆಟ್ಟಿಗೆ

ನಮ್ಮ ಗಾಜಿಪುರದ ಮನೆಯಲ್ಲಿ ಅತ್ತೆ ಮಡಿಯಲ್ಲಿದ್ದರೆ ಅಡುಗೆಮನೆಗೆ ಯಾರೂ ಕಾಲಿಡುವಂತಿರಲಿಲ್ಲ. ಮೈಲಿಗೆಯ ನಾನು ಹೊಸ್ತಿಲಿನಿಂದೀಚೆ, ಮಾವ ಇನ್ನೂ ಈಚೆ. ಹೀಗಿರುವಾಗ ನಮ್ಮವರು ಹೈದರಾಬಾದಿನಿಂದ ಯಾರೋ ಬಳಸಿ ಮಾರಿದ ಹಾಡಿನ ಪೆಟ್ಟಿಗೆಯೊಂದನ್ನು ತಂದು ಅಡುಗೆಮನೆಯ ಕಪಾಟಿನ ಮೇಲಿಟ್ಟರು. ಅದಕ್ಕೆ ಕ್ಯಾಸೆಟ್ ಬೇಡ, ಸೀಡಿಯೂ ಬೇಡ. ಪಡಸಾಲೆಯ ಕಂಪ್ಯೂಟರಿನಲ್ಲಿರುವ ಹಾಡನ್ನು ತಂತಿಯಿಲ್ಲದೆ ಎಳೆದುಕೊಂಡು ಹಾಡುತ್ತದಂತೆ. ಮುಟ್ಟುವ ಕೆಲಸವೇ ಇಲ್ಲ ಅಂದ ಮೇಲೆ ಅತ್ತೆ ಒಪ್ಪಿದರು.

ಒಪ್ಪಲು ಬೇರೆ ಕಾರಣವೂ ಇತ್ತು. ಕಮಲಾಪುರದಲ್ಲಿದ್ದ ಅವರ ಅಕ್ಕ ಒಂದು ಕಾಲಕ್ಕೆ ಯಾರ ಮನೆಯ ಮದುವೆಯಿದ್ದರೂ ಆರತಿ ಹಾಡು ಎತ್ತಿಕೊಡುತ್ತಿದ್ದವರು. ಗಂಡ ತೀರಿಕೊಂಡ ಮೇಲೆ ಹಾಡಲು ಬಾಯಿಯನ್ನೇ ತೆರೆದಿರಲಿಲ್ಲ. ಎಂಬತ್ತರ ದಶಕದಲ್ಲಿ ಅಕ್ಕ ತಂಗಿ ಕೂತು ಹಾಡಿದ್ದ ಒಂದು ಕ್ಯಾಸೆಟ್ ಉಳಿದಿತ್ತು. ಅದನ್ನೇ ಕಂಪ್ಯೂಟರಿಗೆ ಇಳಿಸಿದ್ದೆವು. ಅವತ್ತು ಅಕ್ಕ ಊಟಕ್ಕೆ ಬರುವವರಿದ್ದರು.

"ಆಕಿ ಕಿವಿಗೆ ಆಕಿದೇ ದನಿ ಬೀಳ್ಬೇಕವಾ. ಒಮ್ಮೆ ಹಾಡಿದ್ರ ಸಾಕು ನನಗ," ಎಂದು ಅತ್ತೆ ಬೆಳಗಿನಿಂದ ಹೇಳಿದ್ದೇ ಹೇಳಿದ್ದು.

ಪೆಟ್ಟಿಗೆ ಮಾತ್ರ ತುಟಿ ಬಿಚ್ಚಲಿಲ್ಲ. ನಮ್ಮವರು ಆಫೀಸಿಗೆ ಹೋಗಿಯಾಗಿತ್ತು. ಕಂಪ್ಯೂಟರಿನ ಮುಂದೆ ನಾನು, ಪೆಟ್ಟಿಗೆಯ ಪುಟ್ಟ ಪರದೆಯ ಮುಂದೆ ಮಡಿಯುಟ್ಟ ಅತ್ತೆ. ಅವರಿಗೆ ಇಂಗ್ಲಿಷ್ ಓದಲು ಬಾರದು.

"ಅತ್ಯಾ, ಏನ್ ಕಾಣ್ತದ್ರೀ?"

"ಒಂದು ಚಕ್ಲಿ ತಿರಗ್ಲಿಕ್ಕತ್ತದ."

"ಈಗ?"

"ಚಕ್ಲಿ ಹೋತು, ಅಡ್ಡಗೆರಿ ಬಂತು. ಏ ತಡಿ, ನನ್ನ ಸಾರು ಉಕ್ಕಿತು!"

ನನ್ನ ತಲೆ ಕೆಟ್ಟು ಹೋಯಿತು. ಪೇಪರ್ ಓದುತ್ತಿದ್ದ ಮಾವ ಆಗ ನಿಧಾನವಾಗಿ ಬಾಯಿಬಿಟ್ಟರು. "ನಿನ್ನಿ ಆ ಕಂಪ್ಯೂಟರ್ ನನ್ನ ಏನೋ ಕೇಳ್ತು. ಯಾರನ್ನೋ ಒಳಗ ಬಿಡ್ಲೇನು ಅಂತು. ಗುರ್ತಿಲ್ಲ, ಪರಿಚಯ ಇಲ್ಲ. ಬ್ಯಾಡ ಅಂದೆ."

ನಮ್ಮ ಮಾವನ ಸ್ವಭಾವವೇ ಅದು. ಬಾಗಿಲಿಗೆ ಬಂದ ಊದಿನಕಡ್ಡಿಯವನು ಚೀಲ ಬಿಚ್ಚುವ ಮೊದಲೇ "ಮುಂದ ಹೋಗ್ರಿ" ಅನ್ನುವ ಮನುಷ್ಯ. ಕಂಪ್ಯೂಟರಿನ ಬಾಗಿಲು ಕಾಯುವ ಫೈರ್‌ವಾಲ್ ಕೇಳಿದಾಗಲೂ ಹಾಗೇ ಸಾಗಹಾಕಿದ್ದರು.

"ಅಯ್ಯ ಮಾಮಾ, ಅದು ನಮ್ಮ ಹಾಡಿನ ಪೆಟ್ಟಿಗಿನೇರೀ!"

"ಹಂಗಾರ ಕಮಲಾಪುರದ ಅಕ್ಕನ ಕಡಿಯವ ಅಂತ ಸರಿಯಾಗಿ ಹೇಳ್ಬೇಕಿತ್ತದು."

ಸಿಟ್ಟಿನಲ್ಲಿ ನಾನು ಫೈರ್‌ವಾಲನ್ನೇ ಪೂರಾ ಬಂದ್ ಮಾಡಲು ಹೋದೆ. "ಒಬ್ಬರು ಒಳಗ ಬರ್ಬೇಕಂತ ಬಾಗಲಾನ ಕಿತ್ತಿಡ್ತೀ ಏನು?" ಎಂದು ಮಾವ ಗದರಿದರು. ಮಾತು ಸರಿಯೇ ಇತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹುಡುಕಿ ಹುಡುಕಿ, ಒಳಗೆ ಬಿಡಬಹುದಾದವರ ಹೆಸರುಗಳಿದ್ದ ಜಾಗ ಹಿಡಿದೆ. ಹಾಡಿನ ಪ್ರೋಗ್ರಾಮಿನ ಮುಂದೆ ಟಿಕ್ ಇರಲಿಲ್ಲ. ಮನೆಯ ನೆಟ್‌ವರ್ಕಿಗೆ ಮಾತ್ರ ಎಂದು ನೋಡಿ ಟಿಕ್ ಹಾಕಿದೆ.

ಅಡುಗೆಮನೆಯಿಂದ ಮೊದಲು ಹಳೆ ಕ್ಯಾಸೆಟ್ಟಿನ ಸರಸರ ಸದ್ದು, ಆಮೇಲೆ ಎರಡು ಎಳೆಯ ದನಿಗಳು. "ಬಂತು! ಬಂತವಾ!" ಎಂದು ಅತ್ತೆ ಕೂಗಿದರು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಿಂದ ಅಕ್ಕನ ಆಟೋ ಬಂದೇಬಿಟ್ಟಿತು. ನಾನು ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದೆ.

ಅಕ್ಕ ಚಪ್ಪಲಿ ಬಿಟ್ಟು ಪಡಸಾಲೆಯಲ್ಲಿ ನಿಂತರು. ದನಿಯ ಗುರುತು ಸಿಕ್ಕಿತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಮೊದಲ ನುಡಿ ಮುಗಿಯಿತು. ಸೌಟು ಹಿಡಿದ ಅತ್ತೆ ಹೊಸ್ತಿಲಿನಾಚೆ ಅಕ್ಕನ ಬಾಯಿಯನ್ನೇ ನೋಡುತ್ತ ನಿಂತಿದ್ದರು. ಎರಡನೇ ನುಡಿಯಲ್ಲಿ ತಂಗಿಯ ದನಿ ಅವಸರಪಟ್ಟು ಮುಂದೆ ಹೋಯಿತು.

"ಅಲ್ಲೇ! ಅಲ್ಲೇ ತಪ್ಪಿದಿ ನೋಡು!" ಅಕ್ಕ ಕೈಯೆತ್ತಿದರು. "ಆಗೂ ಹೇಳಿದ್ದೆ ನಿನಗ. ಹಿಂಗಲ್ಲ, ಹಿಂಗ..." ಅನ್ನುತ್ತ ಹಾಡಿಯೇಬಿಟ್ಟರು. ದನಿ ಒಡೆದಿತ್ತು, ಧಾಟಿ ಒಂದೆಳೆ ಅಲುಗಲಿಲ್ಲ.

ಅತ್ತೆ ಮಡಿಸೀರೆಯಲ್ಲೇ ಹೊಸ್ತಿಲು ದಾಟಿ ಬಂದು ಅಕ್ಕನನ್ನು ಅಪ್ಪಿಕೊಂಡರು.

"ಏ, ಸರಿ ದೂರ! ಬಸ್ಸಿನಾಗ ಬಂದೀನಿ. ಮಡಿ ಹೋತಲ್ಲ ನಿಂದು!"

"ಹೋಗ್ಲಿ ಬಿಡಕ್ಕಾ. ಮುಂದಿನ ನುಡಿ ಹಾಡು."