ಕರುವಿಗೆ ಕಟ್ಟಿದ ಟೊಪ್ಪಿ

ಚೀಲದಿಂದ ಉಲ್ಲನ್ ಉಂಡೆ ತೆಗೆದೊಡನೆ ಅದರ ಒಣ ವಾಸನೆ ಮೂಗಿಗೆ ಬಡಿಯಿತು. ನಾನು ಚಿಕ್ಕವಳಿದ್ದಾಗ ಸೋದರತ್ತೆ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದ ಚಳಿಗಾಲ ನೆನಪಾಯಿತು.

ಅತ್ತೆಗೆ ಕೂತರೂ ಆಗದು, ನಿಂತರೂ ಆಗದು. ನಾನೋ, ಪಾಪು ಯಾವಾಗ ಬರುತ್ತದೆ ಎಂದು ದಿನಕ್ಕೆ ಹತ್ತು ಸಲ ಪೀಡಿಸುತ್ತಿದ್ದೆ. ನನ್ನ ಬಾಯಿ ಮುಚ್ಚಿಸಲು ಅವಳು ಕ್ರೋಶಾ ಕಡ್ಡಿ ಕೊಟ್ಟು ಟೊಪ್ಪಿ ಹೆಣೆಯಲು ಕಲಿಸಿದಳು. ಹೆಣೆದೆ, ಬಿಚ್ಚಿದೆ, ಮತ್ತೆ ಹೆಣೆದೆ. ನಾಲ್ಕನೆಯ ಸಲಕ್ಕೆ ಅದು ಟೊಪ್ಪಿಯ ಹಾಗೆ ಕಂಡಿತು.

ಅಜ್ಜಿ ಹಳೆಯ ಸೀರೆ ಹರಿದು ಹುಟ್ಟುವ ಮಗುವಿಗೆ ಬಟ್ಟೆ ಮಾಡುತ್ತಿದ್ದಳು. ಟೊಪ್ಪಿ ತೋರಿಸಿದರೆ ತಲೆಯನ್ನೂ ಎತ್ತಲಿಲ್ಲ.

"ಹುಟ್ಟಿದ ಕೂಡ್ಲೆ ಹೊಸತು ಹಾಕಲಾಗ ಕೂಸೇ. ಮೊದ್ಲು ಹಳತೇ ಆಗವು."

ಹಳತೇ ಆಗಬೇಕಂತೆ! ಟೊಪ್ಪಿ ತಾನಾಗಿ ಹಳತಾಗುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ನನ್ನ ತಲೆಗೆ ಎಳೆದು ನೋಡಿದೆ, ಇಳಿಯಲಿಲ್ಲ. ತಂಬಿಗೆಗೆ ತೊಡಿಸಿದೆ, ತಂಬಿಗೆ ಅಲ್ಲಾಡುವುದೇ ಇಲ್ಲ. ಕೊನೆಗೆ ಕೊಟ್ಟಿಗೆಗೆ ಓಡಿ ಎಳೆಗರುವಿನ ನೆತ್ತಿಗಿಟ್ಟು, ಗದ್ದದಡಿಗೆ ದಾರ ಬಿಗಿದೆ.

"ಎಂತ ಮಾಡ್ತಾ ಇದ್ದೆ ಅಲ್ಲಿ?" ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಹಳತಾಗ್ಲಿ ಹೇಳಿ," ಎಂದೆ.

ಬೈಗುಳ ಬರಲಿಲ್ಲ. ದಾರ ಬಿಚ್ಚಿ, ಅಂಟುವಾಳದ ನೊರೆಯಲ್ಲಿ ಟೊಪ್ಪಿ ತೊಳೆದು ಹಿಂಡಿದಳು. "ಕರ ಹಾಕ್ಯಂಡಿದ್ದು ಅಂದ್ರೆ ಹಳತೇ ಆತು."

ಆ ವಾರವೇ ಹುಟ್ಟಿದ ಮಗುವಿನ ಹುಬ್ಬಿನವರೆಗೆ ಅದು ಇಳಿದಿತ್ತು.

ಈಗ ಶಿರಸಿಯ ಆಸ್ಪತ್ರೆಯಲ್ಲಿ ನನ್ನ ಮಗಳನ್ನು ಹೆರಿಗೆ ಕೋಣೆಗೆ ಕರೆದೊಯ್ದು ಎರಡು ತಾಸಾಯಿತು. ಹೊರಗಿನ ಬೆಂಚಿನಲ್ಲಿ ಕೂತು ಕೊನೆಯ ಸುತ್ತನ್ನೂ ಮುಗಿಸಿದೆ. ಟೊಪ್ಪಿಯನ್ನು ಮೊಣಕಾಲಿಗೆ ತೊಡಿಸುತ್ತೇನೆ, ತೆಗೆಯುತ್ತೇನೆ, ಮತ್ತೆ ತೊಡಿಸುತ್ತೇನೆ. ಒಳಗಿನಿಂದ ಅಳು ಕೇಳುವುದರೊಳಗೆ ಇದು ಹಳತಾಗಬೇಕು.