ಸೆರಗೊಡ್ಡಿ ಬೇಡಿದ ಚೌಕಗಳು

ಮೊದಲ ಎರಡು ಮಕ್ಕಳನ್ನು ಮಂಡ್ಯದಲ್ಲಿ ಕಳೆದುಕೊಂಡು ನಾವು ಮಳವಳ್ಳಿಗೆ ಬಂದೆವು. ನಮ್ಮವರಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ. ವರ್ಗವಾಯಿತೆಂದು ಅವರಿಗೆ ಬೇಜಾರು. ನನಗೆ ಮಾತ್ರ ಮಂಡ್ಯದ ಮನೆಯ ತೊಲೆಯಲ್ಲಿ ತೂಗುತ್ತಿದ್ದ ತೊಟ್ಟಿಲ ಕೊಂಡಿಗಳನ್ನು ದಿನವೂ ನೋಡುವುದು ತಪ್ಪಿತಲ್ಲ ಎಂಬ ಸಮಾಧಾನ. ಮೂವತ್ತರ ದಶಕದ ನಡುವಿನ ಮಾತು ಇದು. ಹೊಸ ನಾಲೆಗೆ ನೀರು ಬಂದು ಸುತ್ತಲ ರಾಗಿ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾಗುತ್ತಿದ್ದವು. ನೀರಿನ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. ಅಂಥ ಹೊತ್ತಿನಲ್ಲಿ ನಾನು ಮತ್ತೆ ಬಸುರಿಯಾದೆ. ನಾಲ್ಕು ಜನ ಸಂತೋಷ ಎಂದರು. ನನಗೆ ಹೆದರಿಕೆಯೊಂದನ್ನು ಬಿಟ್ಟು ಇನ್ನೇನೂ ಆಗಲಿಲ್ಲ.

ಊರಿನಿಂದ ಬಂದ ನಮ್ಮ ಅತ್ತೆ ಒಂದು ಮಧ್ಯಾಹ್ನ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿದರು. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸಿಗೆ ಸ್ವಂತದ ಬಟ್ಟೆ ಹೊದೆಸಬಾರದಂತೆ. ಮಕ್ಕಳು ಉಳಿದು ಬೆಳೆಯುತ್ತಿರುವ ಮನೆಗಳಿಗೆ ಹೋಗಿ, ಆ ಮಕ್ಕಳು ಹೊದ್ದ ಹಳೆಯ ಬಟ್ಟೆಯನ್ನು ಬೇಡಿ ತಂದು, ಅದರಲ್ಲೇ ಬೊಂತೆ ಹೊಲಿದು ಮಲಗಿಸಬೇಕಂತೆ. ಹಳೆಯ ಬಟ್ಟೆಗಳನ್ನು ಸೇರಿಸಿ ಹೊಲಿಯುವ ಕೌದಿಗೆ ನಮ್ಮ ಕಡೆ ಬೊಂತೆ ಎನ್ನುತ್ತಿದ್ದರು. "ಬೇರೆ ಬೇರೆ ಜಾತಿಯ ಮನೆಗಳಾದರೆ ಇನ್ನೂ ಒಳ್ಳೇದು ಕಣೇ. ಇದು ಬೇಡಿ ತಂದ ಕೂಸು, ಇವರದಲ್ಲ ಅಂತ ಸಾವು ಮುಂದಕ್ಕೆ ಹೋಗುತ್ತೆ" ಎಂದರು. ಆದರೆ ಹುಟ್ಟುವ ಮುಂಚೆ ಕೂಸಿಗೆಂದು ಏನನ್ನೂ ಹೊಲಿದು ಇಡಕೂಡದು, ಅದು ಮೊದಲೇ ಅಪಶಕುನ.

ನಮ್ಮವರ ಕಿವಿಗೆ ಈ ಮಾತು ಬಿದ್ದದ್ದೇ ತಡ, ಊಟದ ಎಲೆಯ ಮುಂದೆಯೇ ಸಿಡಿದರು. "ಕಚೇರಿಯವನ ಹೆಂಡತಿ ಮನೆಮನೆ ತಿರುಗಿ ಚಿಂದಿ ಬೇಡಿದಳು ಅಂತ ಊರೆಲ್ಲ ಆಡಿಕೊಳ್ಳಬೇಕಾ? ಅದೇನಾದರೂ ಮಾಡಿದರೆ ನೋಡು" ಎಂದರು. ನಾನು ತಲೆತಗ್ಗಿಸಿ ಮಜ್ಜಿಗೆ ಬಡಿಸಿದೆ. ತಗ್ಗಿಸಿದ್ದು ತಲೆಯನ್ನು ಮಾತ್ರ, ಹಟವನ್ನಲ್ಲ. ಎರಡು ಸಲ ಮಡಿಲು ಬರಿದಾದವಳಿಗೆ ಗಂಡನ ಮರ್ಯಾದೆಯೊಂದು ಲೆಕ್ಕವೇ?

ದಾರಿ ಹೊಳೆದದ್ದು ಮಾರನೆಯ ದಿನ, ಕಸ ಗುಡಿಸುತ್ತಿದ್ದಾಗ. ನಮ್ಮ ಮನೆಯ ಜಗಲಿಯ ಮೇಲೆ ವಾರಕ್ಕೊಂದು ಮಧ್ಯಾಹ್ನ ಹತ್ತು ಹನ್ನೆರಡು ಹೆಂಗಸರು ಸೇರುತ್ತಿದ್ದರು. ಹೆಸರಿಗೆ ಹೊಲಿಗೆ ಸಂಘ, ನಡೆಯುತ್ತಿದ್ದುದು ಹರಟೆ. ಒಬ್ಬೊಬ್ಬರಿಂದ ಒಂದೊಂದು ಚೌಕ ಹೊಲಿಸಿದರೆ ಅದು ಬೊಂತೆಯಲ್ಲ, ಬರೀ ತುಂಡು. ಬಿಡಿ ತುಂಡುಗಳಿಗೆ ಯಾವ ಅಪಶಕುನವೂ ಇಲ್ಲ. ಕೂಸು ಹುಟ್ಟಿದ ಮೇಲೆ ಎಲ್ಲವನ್ನೂ ಕೂಡಿಸಿದರಾಯಿತು. ಬೇಡಿದ ಹಾಗೂ ಆಗುತ್ತದೆ, ಬೇಡಿದವಳು ಎನಿಸಿಕೊಳ್ಳುವುದೂ ಇಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಸಂಘದವರಿಗೆ ಮೈಸೂರಿನ ದಸರಾ ವಸ್ತುಪ್ರದರ್ಶನದ ಆಸೆ ತೋರಿಸಿದೆ. ಎಲ್ಲರೂ ಕೂಡಿ ಒಂದು ಕೆಲಸ ಮಾಡೋಣ, ಒಬ್ಬೊಬ್ಬರದು ಒಂದೊಂದು ಚೌಕ, ಎರಡು ಪದರದ ಬಟ್ಟೆ, ನಡುವೆ ಒಂದು ಚಿತ್ರ ಎಂದೆ. ಮುಖಗಳು ಅರಳಲಿಲ್ಲ. ಮನೆಗೆಲಸವೇ ಮುಗಿಯದವರಿಗೆ ಇದೊಂದು ಹೆಚ್ಚಿನ ತಲೆನೋವು. ಆಗ ಚೀಟಿ ಎತ್ತುವ ಆಟ ಹೂಡಿದೆ. ಗಿಳಿ, ತಾವರೆ, ಶಂಖ, ಮಾವಿನಕಾಯಿ, ಕಬ್ಬು ಎಂದೆಲ್ಲ ಚೀಟಿ ಬರೆದು ಕುಂಕುಮದ ಭರಣಿಯಲ್ಲಿ ಹಾಕಿದೆ. ಯಾರಿಗೆ ಏನು ಬಂತೆಂದು ನನಗಲ್ಲದೆ ಇನ್ನಾರಿಗೂ ಹೇಳಬಾರದು, ಚೌಕ ತಂದ ದಿನವೇ ಎಲ್ಲ ಬಯಲಾಗಬೇಕು. ಇದು ಹಿಡಿಸಿತು. ಗುಟ್ಟೆಂದರೆ ನಮ್ಮ ಹೆಂಗಸರಿಗೆ ಹಬ್ಬ; ಒಂದು ವಾರ ಜಗಲಿಯ ತುಂಬ ಪಿಸುಮಾತು.

ಆಮೇಲೆ, ತೀರ ಸಣ್ಣ ವಿಷಯವೆಂಬಂತೆ, ಬಟ್ಟೆ ಮಾತ್ರ ನಿಮ್ಮ ಮಕ್ಕಳು ಕೂಸಾಗಿದ್ದಾಗ ಹೊದ್ದದ್ದೇ ಆಗಬೇಕು, ಅದು ಮೆತ್ತಗಿರುತ್ತದೆ, ಸೂಜಿ ಸಲೀಸಾಗಿ ಓಡುತ್ತದೆ ಎಂದೆ.

ಮೊದಲ ಚೌಕಗಳು ಬಂದಾಗ ತಲೆ ಚಚ್ಚಿಕೊಳ್ಳುವಂತಾಯಿತು. ಅಳತೆ ಒಂದು ಗೇಣು ಎಂದಿದ್ದೆ. ಪ್ರತಿಯೊಬ್ಬಳೂ ತನ್ನ ಗೇಣಿನಲ್ಲೇ ಅಳೆದಿದ್ದಳು. ಶಾನುಭೋಗರ ಹೆಂಡತಿಯದು ಹಪ್ಪಳದಷ್ಟು, ಮೇಷ್ಟರ ತಾಯಿಯದು ಮಣೆಯಷ್ಟು. ಗಿಳಿಯೊಂದು ಥೇಟ್ ಕೋಳಿಯಂತಿತ್ತು. ನಾನು ಹಳೆಯ ರಟ್ಟೊಂದನ್ನು ಕತ್ತರಿಸಿ ಅದರ ಅಳತೆಗೆ ಎಲ್ಲವನ್ನೂ ಬಿಚ್ಚಿಸಿ ಮತ್ತೆ ಹೊಲಿಸಿದೆ. ಬೈದೆ ಕೂಡ. ದಸರೆಗೆ ಇಷ್ಟು ಕಟ್ಟುನಿಟ್ಟೇ ಎಂದು ಅವರು ಗೊಣಗಿದರು. ನನಗೆ ತಿಂಗಳು ತುಂಬುತ್ತಾ ಬಂದಿತ್ತು, ಹೊಟ್ಟೆಯೊಳಗೆ ಕೂಸು ಒಂದು ಗಳಿಗೆ ಸುಮ್ಮನಾದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆ ಕಳವಳವನ್ನೆಲ್ಲ ಅವರ ಹೊಲಿಗೆಯ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಸಂಘದಲ್ಲಿ ಒಬ್ಬ ಒಕ್ಕಲಗಿತ್ತಿಯೂ ಇದ್ದಳು. ಹತ್ತಿರದ ಪೂರಿಗಾಲಿ ಹಳ್ಳಿಯ ಮಗಳು, ನಮ್ಮ ಹಿಂದಿನ ಬೀದಿಯ ಗೌಡರ ಮನೆಯ ಸೊಸೆ. ನಮಗೆ ಬೆಣ್ಣೆ ಕೊಡಲು ಬರುತ್ತಿದ್ದಳು. ಜಗಲಿಯ ಕೆಳಮೆಟ್ಟಿಲ ಮೇಲೆ ಕೂತು ಹೊಲಿಯುತ್ತಿದ್ದಳು. ಅವಳಿಗೊಬ್ಬಳೇ ಮಗಳು, ಮೂರು ವರ್ಷದ್ದು, ದುಂಡು ಕೆನ್ನೆಯ ಗಟ್ಟಿ ಮಗು. ಅವಳ ಪಾಲಿಗೆ ಬಂದದ್ದು ಕಬ್ಬಿನ ಚೀಟಿ. ತಂದ ಚೌಕದಲ್ಲಿ ಕಬ್ಬೇ ಇಲ್ಲ. ಹಸಿರು ಬಟ್ಟೆಯ ಅಂಚಿನಿಂದ ಹೊರಟ ಕೆಂಪು ದಾರ ಸುತ್ತಿ ಸುತ್ತಿ ಒಳಗೆ ಹೋಗಿ ನಡುವೆ ಮುಗಿದಿತ್ತು.

"ಇದೇನಮ್ಮಾ, ಕಬ್ಬೆಲ್ಲಿ?" ಎಂದೆ ಸಿಡುಕಿನಿಂದ.

"ಕಬ್ಬು ಗಿಬ್ಬು ನಂಗೆ ಬರಾಕಿಲ್ಲ ಕಣ್ರವ್ವಾ. ನಮ್ಮವ್ವ ಎಂಗೆ ಒಲೀತಿದ್ಲೋ ಅಂಗೆ ಒಲ್ದಿವ್ನಿ. ಬ್ಯಾಡಾಂದ್ರೆ ಬುಡಿ, ವಾಪಸ್ ತಕಂಡೋಯ್ತೀನಿ" ಎಂದಳು.

ವಾಪಸ್ ಎಂಬ ಮಾತು ಕಿವಿಗೆ ಬಿದ್ದದ್ದೇ, ಬೇಡ, ಇರಲಿ, ಚೆನ್ನಾಗಿದೆ ಎಂದು ಕಸಿದುಕೊಂಡಂತೆ ಇಸಿದುಕೊಂಡೆ.

ಅದನ್ನು ಗಮನಿಸಿದವರು ಅರ್ಚಕರ ಹೆಂಡತಿ. ಮಡಿ ಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟು. ಪರರು ಹೊದ್ದ ಬಟ್ಟೆ ಮುಟ್ಟಿ ಮನೆಗೆ ಹೋಗಿ ಮತ್ತೆ ಸ್ನಾನ ಮಾಡುತ್ತಿದ್ದರೇ ಹೊರತು ಸಂಘ ತಪ್ಪಿಸುತ್ತಿರಲಿಲ್ಲ. ಅವರು ನನ್ನ ಹೊಟ್ಟೆ ನೋಡಿದರು, ಮಡಿಲಲ್ಲಿದ್ದ ಚೌಕಗಳನ್ನು ನೋಡಿದರು.

"ಮಹಾರಾಜರ ವಸ್ತುಪ್ರದರ್ಶನಕ್ಕೆ ಯಾರಾದರೂ ಹಳೇ ಬಟ್ಟೆ ಕಳಿಸ್ತಾರೇನೇ?" ಎಂದರು.

ಮೇಷ್ಟರ ತಾಯಿ ದಾರ ಕಚ್ಚುತ್ತಿದ್ದವರು ಹಾಗೇ ತಲೆಯೆತ್ತಿ ನನ್ನನ್ನು ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ನಿಮ್ಮತ್ತೆ ಹೇಳಿರಬೇಕು. ಸರಿಯಾಗೇ ಹೇಳಿದಾರೆ. ಆದರೆ ಮೋಸ ಮಾಡಿ ಇಸಕೊಂಡಿದ್ದು ಭಿಕ್ಷೆ ಹೇಗಾಗುತ್ತೆ? ಬೇಡಬೇಕು. ಸೆರಗೊಡ್ಡಿ ಬಾಯಿಬಿಟ್ಟು ಬೇಡಬೇಕು. ಇಲ್ಲದಿದ್ದರೆ ಇವೆಲ್ಲ ಬರೀ ಚಿಂದಿ" ಎಂದರು. ಬೈಗುಳದ ಧಾಟಿಯಲ್ಲಿ ಹೇಳಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಕಚೇರಿಯ ಜವಾನ ಬೀದಿಯಲ್ಲಿ ಹೋಗುತ್ತಿದ್ದ. ಎದುರು ಮನೆಯವರು ಬಾಗಿಲಲ್ಲಿ ನಿಂತಿದ್ದರು. ಸಂಜೆಯೊಳಗೆ ನಮ್ಮವರ ಕಿವಿಗೆ ಮುಟ್ಟುತ್ತದೆಂದು ಗೊತ್ತಿತ್ತು. ನಾನು ಚೌಕಗಳನ್ನೆಲ್ಲ ಅವರವರಿಗೆ ವಾಪಸ್ ಕೊಟ್ಟೆ. ಕಂಬ ಹಿಡಿದು ಎದ್ದು, ಸೆರಗನ್ನು ಎರಡೂ ಕೈಯಲ್ಲಿ ಬಿಡಿಸಿ ಒಡ್ಡಿದೆ. "ನನ್ನ ಎರಡು ಮಕ್ಕಳೂ ಹೋದವು. ಇದೊಂದನ್ನು ಉಳಿಸಿಕೊಡಿ. ನಿಮ್ಮ ಮಕ್ಕಳ ಹೆಸರಿನಲ್ಲಿ ಭಿಕ್ಷೆ ಹಾಕಿ" ಎಂದೆ.

ಎಲ್ಲರಿಗಿಂತ ಮುಂಚೆ ಮೆಟ್ಟಿಲಿಂದ ಎದ್ದು ಬಂದವಳು ಆ ಒಕ್ಕಲಗಿತ್ತಿ. ಹಸಿರು ಚೌಕವನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಹಾಕಿದಳು. "ಇದ್ನ ಮೊದ್ಲೇ ಯೋಳದಲ್ವಾ ಅಮ್ಮಾವ್ರೇ" ಎಂದಳು, ಅಷ್ಟೆ. ಉಳಿದವರೂ ಹಾಕಿದರು. ಅರ್ಚಕರ ಹೆಂಡತಿ ತಮ್ಮ ಕೊನೆಯ ಮಗನ ಬಟ್ಟೆಯದನ್ನು ಹಾಕಿ ಕಣ್ಣೊರೆಸಿಕೊಂಡರು. ನಮ್ಮವರು ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ನಾನೂ ಮಾತಾಡಿಸಲು ಹೋಗಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಪುಣ್ಯಾಹ ಮುಗಿದ ಮೇಲೆ ಸಂಘದವರೆಲ್ಲ ಬಂದು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ಬೊಂತೆ ಮಾಡಿದರು. ಯಾವುದು ಎಲ್ಲಿ ಬರಬೇಕೆಂದು ಜಗಳ ಹತ್ತಿತು. ಮೂರು ಸಲ ಹರಡಿ ಮೂರು ಸಲ ಎತ್ತಿದೆವು. ಕೊನೆಗೆ ಕೋಳಿಯಂಥ ಗಿಳಿಯನ್ನು ಮೂಲೆಗೆ ತಳ್ಳಿ, ಚಿತ್ರವಿಲ್ಲದ ಆ ಹಸಿರು ಚೌಕವನ್ನು ನಡುವೆ ಇಟ್ಟೆವು. ಕೂಸಿನ ಎದೆಯ ಮೇಲೆ ಬರುತ್ತಿದ್ದುದು ಅದೇ.

ಮಳೆಗಾಲ ಕಳೆದ ಮೇಲೆ ಚಳಿಜ್ವರ ನಮ್ಮ ಬೀದಿಗೂ ಇಳಿಯಿತು. ಆ ಒಕ್ಕಲಗಿತ್ತಿಯ ಮಗಳು ಮಲಗಿದ್ದು ಗೊತ್ತಾಗಿ ನೋಡಿಬರಬೇಕು ಎಂದುಕೊಳ್ಳುವಷ್ಟರಲ್ಲಿ ಮಗು ಹೋಯಿತು. ಅವಳ ಮನೆಗೆ ಹೋಗಿ ಕೂತು ಬಂದೆ. ಅವಳು ನನ್ನ ಮುಖ ನೋಡಲಿಲ್ಲ. ಜನ ಎರಡು ಬಾಯಲ್ಲಿ ಆಡಿದರು. ಸತ್ತ ಮಗುವಿನ ಬಟ್ಟೆ, ಬಿಚ್ಚಿ ಎಸೆ ಎಂದರು ಕೆಲವರು. ಬಿಚ್ಚಿದರೆ ಭಿಕ್ಷೆ ಮುರಿಯುತ್ತದೆ, ನಿನ್ನ ಕೂಸಿಗೆ ಕೇಡು ಎಂದರು ಕೆಲವರು. ತನ್ನ ಮಗಳ ಆಯುಸ್ಸನ್ನೇ ಅವಳು ನಿನಗೆ ಧಾರೆ ಎರೆದಳು ಎಂದೂ ಒಬ್ಬರು ಹೇಳಿಬಿಟ್ಟರು. ಆ ಮಾತು ಕೇಳಿದ ದಿನದಿಂದ ನನಗೆ ಅನ್ನ ಸೇರಲಿಲ್ಲ. ಬಿಚ್ಚಲೂ ಇಲ್ಲ, ಬಿಡಲೂ ಇಲ್ಲ. ಬೊಂತೆ ಹೊದೆಸುವಾಗಲೆಲ್ಲ ಆ ಹಸಿರನ್ನು ನೋಡದಂತೆ ಮುಖ ತಿರುಗಿಸುತ್ತಿದ್ದೆ.

ಅದಾದ ಸ್ವಲ್ಪ ದಿನಕ್ಕೇ ನನ್ನ ಕೂಸಿಗೂ ಜ್ವರ ಬಂತು. ಆಸ್ಪತ್ರೆಯಲ್ಲಿ ಔಷಧಿ ಮುಗಿದಿದೆ ಎಂದರು. ನಮ್ಮವರು ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಓಡಿದರು. ಅತ್ತೆ ಊರಿಗೆ ಹೋಗಿದ್ದರು. ಕೂಸು ಕೆಂಡದಂತೆ ಸುಡುತ್ತಿತ್ತು, ಅಳುವಷ್ಟು ತ್ರಾಣವೂ ಇರಲಿಲ್ಲ. ಮೊದಲಿನ ಎರಡೂ ಹೀಗೇ ಅಳು ನಿಲ್ಲಿಸಿದ್ದವು. ನಾನು ಬೊಂತೆಯನ್ನು ಎದೆಯವರೆಗೆ ಹೊದೆಸಿ, ಅದರ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದೆ. ದೇವರ ಹೆಸರುಗಳೆಲ್ಲ ಮುಗಿದು ಬರೀ ಬೇಡ ಬೇಡ ಎನ್ನುತ್ತಿದ್ದೆ.

ಆಗ ಬಾಗಿಲಲ್ಲಿ ಆ ಒಕ್ಕಲಗಿತ್ತಿ ಬಂದು ನಿಂತಳು.

ನಾನು ಎದ್ದು ಅಡ್ಡ ನಿಂತೆ. ಒಳಗೆ ಬಾ ಎನ್ನಲಿಲ್ಲ. ಬೀದಿಯಲ್ಲಿ ಕೇಳಿದ್ದೆಲ್ಲ ನನ್ನ ಮೈಯಲ್ಲಿ ಹರಿದಾಡಿತು.

"ಕೂಸಿಗೆ ಜ್ವರ" ಎಂದೆ.

"ಗೊತ್ತು ಕಣವ್ವಾ" ಎಂದಳು. ಒಳಗಿದ್ದ ಬೊಂತೆಯ ಕಡೆ ನೋಡಿ, "ನನ್ ಮಗೀದು ಅನ್ನೋದು ಮನೇಲಿ ಒಂದು ಎಳೇನೂ ಉಳ್ದಿಲ್ಲ. ಉಟ್ಟಿದ್ದು ತೊಟ್ಟಿದ್ದೆಲ್ಲ ಅದ್ರ ಜೊತೆಗೇ ಮಣ್ಣಿಗಾಕ್ಬುಟ್ರು. ಇರೋದು ಇಲ್ಲೊಂದೇಯ" ಎಂದಳು.

"ಬಿಚ್ಚಿದರೆ ನನ್ನ ಕೂಸಿಗೆ ಏನಾದರೂ ಆದರೆ?" ಎಂದೆ. ಮಗು ಕಳೆದುಕೊಂಡವಳಿಗೆ ಅದನ್ನು ಕೇಳಿದೆ. ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

ಅವಳು ಹೊಸ್ತಿಲಾಚೆ ನಿಂತಲ್ಲೇ ತನ್ನ ಸೆರಗನ್ನು ಎರಡೂ ಕೈಯಲ್ಲಿ ಬಿಡಿಸಿ ಒಡ್ಡಿದಳು.

"ಅವತ್ತು ನೀವು ಒಡ್ಡುದ್ರಿ, ನಾನು ಆಕ್ದೆ. ಇವತ್ತು ನಾನು ಒಡ್ಡಿವ್ನಿ ಅಮ್ಮಾವ್ರೇ."

ಒಡ್ಡಿದ ಸೆರಗಿನ ಎದುರು ನಿಲ್ಲುವುದು ಎಂಥದ್ದೆಂದು ನನಗೆ ಅವತ್ತೇ ತಿಳಿದದ್ದು. ಒಳಗೆ ಹೋಗಿ ಕತ್ತರಿ ತಂದೆ. ಅವಳು ಒಳಗೆ ಬಂದು ನೆಲದ ಮೇಲೆ ಕೂತು, ನಾನು ಹೇಳದೆಯೇ ಕೂಸಿನ ಅಂಗಾಲುಗಳನ್ನು ತಿಕ್ಕತೊಡಗಿದಳು. ಬೊಂತೆಯನ್ನು ಕೂಸಿನ ಮೇಲಿಂದ ಎತ್ತಲು ನನಗೆ ಧೈರ್ಯವಾಗಲಿಲ್ಲ. ಹೊದೆಸಿದ್ದಂತೆಯೇ ಆ ಚೌಕದ ಸುತ್ತಲಿನ ಎಳೆಗಳನ್ನು ಒಂದೊಂದಾಗಿ ಬಿಚ್ಚಿದೆ. ಪ್ರತಿ ಎಳೆಗೂ ಕೂಸಿನ ಉಸಿರು ನೋಡುತ್ತಿದ್ದೆ. ಕೊನೆಯ ಎಳೆ ಬಿಟ್ಟಾಗ ಹಸಿರು ಚೌಕ ಇದ್ದಲ್ಲಿ ಕೂಸಿನ ಬರಿ ಎದೆ ಕಂಡಿತು, ಏರಿ ಇಳಿಯುತ್ತಿತ್ತು.

ಚೌಕವನ್ನು ಸೆರಗಿಗೆ ಹಾಕಿದೆ. ಅವಳು ಅದನ್ನು ಮೂಸಿ ನೋಡಿದಳು. "ನಿಮ್ ಕೂಸಿನ ವಾಸ್ನೆ ಬತ್ತದೆ" ಎಂದಳು. ಅವಳ ಮಗಳ ವಾಸನೆಯನ್ನು ನನ್ನ ಮಗಳು ತಿಂಗಳುಗಟ್ಟಲೆ ಹೊದ್ದು ಅಳಿಸಿಬಿಟ್ಟಿದ್ದಳು. ಅವಳು ಅದನ್ನೇ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ನಮ್ಮವರು ಔಷಧಿ ತರುವವರೆಗೂ ಕೂಸಿನ ಕಾಲು ತಿಕ್ಕುತ್ತಾ ಕೂತಿದ್ದು, ಅವರು ಬಂದದ್ದು ನೋಡಿ ಎದ್ದು ಹೋದಳು.

ಜ್ವರ ಅವತ್ತು ಬಿಡಲಿಲ್ಲ. ಆ ತೂತಿನ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದೆ. ಕೆಲವು ದಿನಗಳ ಮೇಲೆ ಕೂಸು ಬೆವತಿತು, ಹಾಲಿಗೆ ಅತ್ತಿತು. ಮೈ ತಣ್ಣಗಾಯಿತು. ತೂತಿಗೆ ತಮ್ಮ ಮನೆಯ ಇನ್ನೊಂದು ತುಂಡು ಹಾಕಿಕೊಡುತ್ತೇನೆ ಎಂದು ಅರ್ಚಕರ ಹೆಂಡತಿ ಬಂದರು. ನಾನು ಬೇಡವೆಂದೆ.

ಅವಳು ಬೆಣ್ಣೆ ಕೊಡಲು ಮತ್ತೆ ಬರತೊಡಗಿದಳು. ಸಂಘಕ್ಕೆ ಮಾತ್ರ ಬರಲಿಲ್ಲ. ಬೆಣ್ಣೆಯ ಗಡಿಗೆ ಇಳಿಸಿ, ಒಳಗೆ ಇಣುಕದೆ, ಬೀದಿಯ ಕಡೆ ನೋಡುತ್ತಾ, "ಕೂಸು ಎಂಗದೆ?" ಎಂದು ಕೇಳುತ್ತಿದ್ದಳು. ನಮಗೆ ಅಲ್ಲಿಂದ ವರ್ಗವಾಗುವವರೆಗೂ ಒಂದು ಸಲವೂ ಕೇಳುವುದು ಬಿಡಲಿಲ್ಲ. ಚೆನ್ನಾಗಿದಾಳೆ ಎನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಆದರೂ ಪ್ರತಿ ಸಲವೂ ಹೇಳಿದೆ.